ಅರ್ಕಾವತ್ತು ಜಾಗ ಬದಲಿಸಿದಾಗ

ಇಮೇಲ್ ನೋಡಲು ಸೈಬರ್ ಸೆಂಟರಿನಲ್ಲಿ ಸರದಿ ಕಾಯುತ್ತಿದ್ದ ವರ್ಷಗಳವು. ನಾನು ಮುದ್ದೇನಹಳ್ಳಿ ಹತ್ತಿರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಬಿಡುವಿನಲ್ಲಿ ಕನ್ನಡ ಟೈಪ್ ಮಾಡುವ ಒಂದು ಉಚಿತ ತಂತ್ರಾಂಶದ ಕೆಲಸ. ಅದನ್ನು ಕಟ್ಟುತ್ತಿದ್ದವರು ಬೇರೆ ಬೇರೆ ಊರು, ದೇಶಗಳಲ್ಲಿದ್ದು ಇಮೇಲಿನಲ್ಲಷ್ಟೇ ಪರಿಚಯವಾಗಿದ್ದ ಒಂದಷ್ಟು ಜನ. ಯಾರಿಗೂ ಸಂಬಳವಿಲ್ಲ. ನನಗೆ ಕೋಡ್ ಬರೆಯುವುದು ಅಷ್ಟಕ್ಕಷ್ಟೆ, ಬಾಯಿ ಮಾತ್ರ ಜೋರು. ಹಾಗಾಗಿ ಭಾನುವಾರಗಳಲ್ಲಿ ಸಿ.ಡಿ. ಹಿಡಿದು ಬಸ್ ಹತ್ತಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಡಿ.ಟಿ.ಪಿ. ಅಂಗಡಿಯವರನ್ನು ಒಪ್ಪಿಸುವುದು ನನ್ನ ಪಾಲಿಗೆ ಬಂತು. ಪುಕ್ಕಟೆ ಎಂದ ಕೂಡಲೇ ಎಲ್ಲರೂ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದರು.

ಮೊದಲು ಒಪ್ಪಿದ್ದು ಚಿಂತಾಮಣಿಯ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ನಡೆಸುತ್ತಿದ್ದ ಒಬ್ಬ ಹೆಂಗಸು. ಆಕೆ ಒಪ್ಪಿದರೆಂದು ಶಿಡ್ಲಘಟ್ಟದವರು ಒಪ್ಪಿದರು, ಶಿಡ್ಲಘಟ್ಟ ನೋಡಿ ಗೌರಿಬಿದನೂರು. ಆಕೆ ಬೇಡವೆಂದರೆ ಎಲ್ಲ ಊರೂ ಹಿಂದೆಯೇ ಹೋಗುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಹೊಸ ಆವೃತ್ತಿಯಲ್ಲಿ ಎಲ್ಲ ಕಂಪ್ಯೂಟರಿಗೂ ಹೊಂದುವ ಅಕ್ಷರ ಸಂಕೇತ ಯೂನಿಕೋಡ್ ಬಂತು, ಅರ್ಕಾವತ್ತು ಒತ್ತುವ ಕ್ರಮ ತಿರುಗಿತು. ಬದಲಾವಣೆ ಬೇಕೇ ಬೇಕಿತ್ತು, ಅದರ ಪರವಾಗಿ ನಾನೂ ವಾದಿಸಿದ್ದೆ. ಆದರೆ ಬಳಕೆದಾರರಿಗೆ ಸೂಚನೆ ಬರೆದವರು ನಮ್ಮ ಗುಂಪಿನ ಹಿರಿಯ ಪಂಡಿತರು. 'ರೇಫದ ನಮೂದನ್ನು ತಾರ್ಕಿಕ ಅನುಕ್ರಮಕ್ಕೆ ಮಾರ್ಪಡಿಸಲಾಗಿದೆ.' ರೇಫವೆಂದರೆ ಅರ್ಕಾವತ್ತೇ, ಆದರೆ ಓದಿದವರಿಗೆಲ್ಲ ಯಾವುದೋ ಸರ್ಕಾರಿ ಆದೇಶ ಅನ್ನಿಸಿರಬೇಕು. ಯಾರೂ ಅದನ್ನು ಎರಡನೇ ಸಲ ಓದಲಿಲ್ಲ.

ಮುಂದಿನ ಭಾನುವಾರ ಚಿಂತಾಮಣಿಗೆ ಹೋದರೆ ಆಕೆ ನನ್ನ ಕೈಗೆ ಒಂದು ಲಗ್ನಪತ್ರಿಕೆ ಕೊಟ್ಟರು. 'ತಮ್ಮ ಆಶೀವಾರ್ದ ಬಯಸುವ' ಎಂದು ಅಚ್ಚಾಗಿತ್ತು.

"ಹುಡುಗಿ ಅಪ್ಪ ಬಂದು, ಆಶೀ ಗೊತ್ತು, ಇದ್ಯಾವ ವಾರಮ್ಮ ಅಂತ ಕೇಳಿದ್ರು. ಅಂಗಡೀಲಿದ್ದೋರೆಲ್ಲ ನಕ್ಕರು. ನೋಡಮ್ಮ, ಇವತ್ತೇ ತೆಗೆದಾಕ್ತೀನಿ ನಿಮ್ಮ ಸಾಫ್ಟ್‌ವೇರ್‌ನ."

"ಅಕ್ಕಾ, ಸೂಚನೆ ಬಂದಿತ್ತಲ್ಲ, ಓದಲಿಲ್ವಾ?"

"ಓದಿದೆ. ರೇಫ ಅಂದ್ರೆ ಯಾವ ಕೀ? ನಮ್ಮ ಕೀಬೋರ್ಡಲ್ಲಿ ಇಲ್ಲ."

ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ, ಪಂಡಿತರ ಮೇಲೆ ಮೈಯೆಲ್ಲ ಉರಿಯಿತು. ಇಷ್ಟು ದಿನ ನಾವು ಕೈಯಲ್ಲಿ ಬರೆಯುವ ಹಾಗೆ ಟೈಪ್ ಮಾಡುತ್ತಿದ್ದೆವು, ಮೊದಲು 'ವಾ', ಆಮೇಲೆ ಅದರ ಪಕ್ಕಕ್ಕೆ ಅರ್ಕಾವತ್ತು. ಈಗಲೂ ಹಾಗೇ ಒತ್ತಿದರೆ ಅದು ಮುಂದಿನ 'ದ'ಕ್ಕೆ ಹೋಗಿ ಅಂಟಿಕೊಳ್ಳುತ್ತಿತ್ತು. ಇದನ್ನು ವಿವರಿಸಲು ಹೋಗಿ ನಾನೂ ತೊದಲಿದೆ. ಆಕೆ ಆಗಲೇ ಮೌಸ್ ಹಿಡಿದಿದ್ದರು.

"ಒಂದ್ನಿಮಿಷ ಅಕ್ಕ. ಆಶೀರ್ವಾದ ಅಂತ ನಿಧಾನಕ್ಕೆ ಹೇಳಿ."

"ಆ... ಶೀ... ರ್... ವಾ... ದ."

"ಬಾಯಲ್ಲಿ ಯಾವುದು ಮೊದಲು ಬಂತು? ವಾನೋ, ರ್ ಅನ್ನೋದೋ?"

ಆಕೆ ಮತ್ತೊಮ್ಮೆ ಹೇಳಿಕೊಂಡರು. "ರ್ ಅನ್ನೋದೇ ಮೊದ್ಲು."

"ಹಂಗೇ ಒತ್ತಿ."

ಒತ್ತಿದರು. ಅಕ್ಷರ ಸರಿಯಾಗಿ ಕೂತಿತು. ಆಮೇಲೆ ನನ್ನನ್ನು ಕೇಳದೆಯೇ ಧರ್ಮ, ಸೂರ್ಯ, ಕಾರ್ಯಕ್ರಮ ಎಂದು ಬಾಯಲ್ಲಿ ಹೇಳುತ್ತಾ ಹೊಡೆದು ನೋಡಿದರು. "ಇಷ್ಟೇನಾ? ಇದನ್ನ ಹಿಂಗೇ ಬರೀಬಾರದಾಗಿತ್ತಾ?" ಎನ್ನುತ್ತಾ ಲಗ್ನಪತ್ರಿಕೆಯನ್ನು ತಿದ್ದಿ ಮತ್ತೆ ಅಚ್ಚಿಗೆ ಹಾಕಿದರು.

ಅಲ್ಲೇ ಕೂತು ಬರೆದೆ. 'ಇನ್ನು ಮುಂದೆ ಅರ್ಕಾವತ್ತನ್ನು ಕೈ ಬರೆಯುವ ಹಾಗಲ್ಲ, ಬಾಯಿ ಹೇಳುವ ಹಾಗೆ ಒತ್ತಿ. ಆಶೀರ್ವಾದ ಎಂದು ಹೇಳಿ ನೋಡಿ, ಗೊತ್ತಾಗುತ್ತದೆ.' ಗುಂಪಿಗೆ ಕಳಿಸಿದರೆ ಪಂಡಿತರಿಂದ ಉತ್ತರ ಬಂತು, ಇದು ಸೂಚನೆಯ ಭಾಷೆಯಲ್ಲ, ಹರಟೆಯ ಭಾಷೆ ಎಂದು. ಅವರು ನನಗಿಂತ ಎಷ್ಟೋ ಓದಿದವರು. ಆದರೂ ನಾನು ಬಿಡಲಿಲ್ಲ. 'ಸರ್, ನಿಮ್ಮ ಸೂಚನೆಯಿಂದ ಒಂದು ಮದುವೆಯ ಪತ್ರಿಕೆ ಕೆಟ್ಟಿದೆ. ನನ್ನದರಿಂದ ಅದೇ ಪತ್ರಿಕೆ ಸರಿಯಾಗಿದೆ. ಅಂಗಡಿಗೆ ಯಾವುದು ಹೋಗಬೇಕು, ನೀವೇ ಹೇಳಿ' ಎಂದು ಬರೆದೆ. ಕೊನೆಗೆ ನನ್ನ ಸಾಲುಗಳೇ ಒಂದಕ್ಷರವೂ ಬದಲಾಗದೆ ಜಾಲತಾಣಕ್ಕೆ ಬಂದವು. ಚಿಂತಾಮಣಿ ಉಳಿಯಿತು, ಹಾಗಾಗಿ ಎಲ್ಲವೂ ಉಳಿಯಿತು. ನನಗೆ ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವುದು ನನ್ನ ಜಾಯಮಾನವಲ್ಲ. ಲ್ಯಾಬಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದೆ.

ಮುಂದಿನ ಆವೃತ್ತಿಯ ಹೊತ್ತಿಗೆ ಎಲ್ಲ ಕೆಲಸ ಮುಗಿದು ಸೂಚನೆಯ ಕರಡೂ ಸಿದ್ಧವಾಗಿತ್ತು. ಬಿಡುಗಡೆ ಮಾಡೋಣವೇ ಎಂದು ಹೊರದೇಶದಲ್ಲಿದ್ದ ಒಬ್ಬರು ಕೇಳಿದರು. ಪಂಡಿತರು ಉತ್ತರಿಸಿದರು: 'ಕರಡನ್ನು ಚಿಂತಾಮಣಿಯಲ್ಲಿ ಓದಿಸಲಾಗಿದೆಯೇ? ಅಲ್ಲಿಂದ ಒಪ್ಪಿಗೆ ಬರಲಿ.'

ನಾನು ಕರಡನ್ನು ಇಮೇಲಿನಲ್ಲಿ ಕಳಿಸಿ ಅಂಗಡಿಗೆ ಫೋನ್ ಮಾಡಿದೆ. ಹಿಂದೆ ಪ್ರಿಂಟರ್ ಸದ್ದು, ಯಾರೋ ತೆಲುಗಿನಲ್ಲಿ ಜೋರಾಗಿ ಚೌಕಾಸಿ ಮಾಡುತ್ತಿದ್ದರು.

"ಗಿರಾಕಿಗಳು ಅವ್ರೆ ಕಣಮ್ಮ. ಸಾಯಂಕಾಲ ಓದಿ ಹೇಳ್ತೀನಿ," ಎಂದರು ಆಕೆ. "ಅಲ್ಲೀವರ್ಗೂ ಕಾಯಕ್ಕೇಳು ಅವ್ರಿಗೆ."

ಗುಂಪಿಗೆ ಅದನ್ನು ಹಾಗೆಯೇ ಬರೆದು ಕಳಿಸಿದೆ. ಎಲ್ಲರೂ ಕಾದರು.