ಇಲ್ಲದ ಕ್ಷೇತ್ರದ ಉಮೇದುವಾರ

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಜಗದೇವಪ್ಪ ಸೂಟಿಯ ದಿನ ಮನೆಯಲ್ಲಿ ಕೂತದ್ದನ್ನು ಹೆಂಡತಿ ಲಾಲಮ್ಮ ಕಂಡವಳಲ್ಲ. ಬೆಳಗಾದರೆ ಸೈಕಲ್ ಹತ್ತಿ ಹಳ್ಳಿಗಳ ಕಡೆ ಹೊರಟುಬಿಡುತ್ತಿದ್ದ. ಒಂದು ಕಡೆ ಮುದುಕಿಯ ಪಿಂಚಣಿ ನಿಂತಿರುತ್ತಿತ್ತು, ಇನ್ನೊಂದು ಕಡೆ ಬೋರ್‌ವೆಲ್ ಕೆಟ್ಟಿರುತ್ತಿತ್ತು, ಮತ್ತೆಲ್ಲೋ ಬುದ್ಧ ವಿಹಾರದ ಜಾಗಕ್ಕೆ ತಕರಾರು. ಎಲ್ಲರ ಕೆಲಸವನ್ನೂ ಹೊತ್ತು ಶಾಸಕರ ಬಾಗಿಲಲ್ಲಿ ನಿಲ್ಲುತ್ತಿದ್ದವನು ಅವನೇ.

ಅವನು ದುಡಿಯುತ್ತಿದ್ದ ಪಕ್ಷದ ಹಿರಿಯ ಸಿದ್ಧಲಿಂಗ ಪ್ರತಿ ಚುನಾವಣೆಯಲ್ಲೂ ಒಂದೇ ಮಾತು ಹೇಳುತ್ತಿದ್ದರು. "ಈ ಸಲ ಬ್ಯಾಡ ಜಗದೇವಪ್ಪ. ಮುಂದಿನ ಸಲ ಟಿಕೀಟು ನಿಂದೇ." ಕೊನೆಗೊಂದು ವರ್ಷ, ಕಾರ್ಯಕರ್ತರೆಲ್ಲ ಕೂಡಿದ್ದ ಸಭೆಯಲ್ಲಿ ಅವನ ಹೆಗಲ ಮೇಲೆ ಕೈಯಿಟ್ಟು, ಟಿಕೀಟಿಗೆ ಇವನ ಹೆಸರು ಬೆಂಗಳೂರಿಗೆ ಕಳಿಸಿದ್ದೇವೆ ಎಂದರು. ಲಾಲಮ್ಮ ಬಿಳಿ ಬಟ್ಟೆ ತಂದು ಎರಡು ಜುಬ್ಬ ಹೊಲಿಸಿದಳು.

ಅಷ್ಟರಲ್ಲೇ ಆ ಸುದ್ದಿ ಬಂತು. ಹೇಳಿದವನು ಚಹಾದಂಗಡಿಯ ಫರ್ಹಾನ್.

"ಭಾಯ್, ಶಹಾಬಾದ ತೆಗದಾರಂತ."

"ಏನ್ ತೆಗದಾರ?"

"ಕ್ಷೇತ್ರ. ಹೊಸಾದಾಗಿ ಗಡಿ ಹಾಕ್ಯಾರ. ಇನ್ಮ್ಯಾಗ ಶಹಾಬಾದ ಅಂಬೋ ಎಮ್ಮೆಲ್ಲೆ ಸೀಟೇ ಇಲ್ಲ."

ಜಗದೇವಪ್ಪ ಕೈಲಿದ್ದ ಚಹಾ ಕುಡಿದು ಮುಗಿಸಿದ. ಎಂದಿನಂತೆ ಕೆಲಸಕ್ಕೆ ಹೋದ. ಕಲ್ಲಿನ ಮೇಲೆ ನೀರು ಬಿಡುತ್ತ, ಪಾಲಿಶ್ ಯಂತ್ರದ ಸದ್ದಿನಲ್ಲಿ ಸಂಜೆಯತನಕ ನಿಂತಿದ್ದ. ಪಕ್ಕದವನು ಏನೋ ಕೇಳಿದರೆ ತಲೆಯಾಡಿಸಿದ. ಏನು ಕೇಳಿದನೆಂದು ಜಗದೇವಪ್ಪನಿಗೆ ತಿಳಿಯಲಿಲ್ಲ.

ಮರುದಿನ ಸಿದ್ಧಲಿಂಗರ ಮನೆಗೆ ಹೋದ. "ಜನಸಂಖ್ಯಿ ನೋಡಿ ಮಾಡ್ಯಾರಪ. ಯಾರಿಗೂ ಬೈಲಿಕ್ಕ ಬರಂಗಿಲ್ಲ" ಎಂದರು ಅವರು. ಅವನು ಸೈಕಲ್ ತುಳಿದ ಹಳ್ಳಿಗಳಲ್ಲಿ ಕೆಲವು ಚಿತ್ತಾಪುರಕ್ಕೆ ಸೇರಿದ್ದವು, ಕೆಲವು ಕಲಬುರಗಿ ಕಡೆಗೆ.

"ಹಂಗಾರ ಚಿತ್ತಾಪುರಕ್ಕ ನನ್ನ ಹೆಸರು ಕೇಳ್ರಿ ಅಣ್ಣಾರ."

"ಅಲ್ಲಿ ಅವರವರು ಮೊದಲೇ ಅದಾರ. ವಾಡಿ, ನಾಲವಾರ ಕಡೆ ನಿನಗ ಯಾರು ಗುರ್ತು ಹಿಡೀತಾರ?"

ಜಗದೇವಪ್ಪನನ್ನು ಬಲ್ಲವರು ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಇದ್ದರು, ಗೆಲ್ಲುವಷ್ಟು ಎಲ್ಲೂ ಇರಲಿಲ್ಲ.

ಸುದ್ದಿ ಕೇಳಿ ಅವನ ಮನೆಗೆ ಬಂದವರು ತೀರಿಕೊಂಡವರ ಮನೆಗೆ ಬಂದಂತೆ ದನಿ ತಗ್ಗಿಸಿ ಮಾತಾಡಿದರು. ಅವನು ಎಲ್ಲರಿಗೂ "ಕುಂದ್ರಿ" ಎಂದ, ಅಷ್ಟೇ. ಅವರೆಲ್ಲ ಹೋದ ಮೇಲೆ ಲಾಲಮ್ಮ ಎದುರಿಗೆ ಬಂದು ಕೂತಳು.

"ಒಮ್ಮಿ ಅತ್ತಾರ ಅಳ್ರಿ. ಇಲ್ಲಾ ಯಾರಿಗ್ಯಾರ ಬಯ್ರಿ. ಹಿಂಗ ಸುಮ್ಮ ಕುಂತ್ರ ನನಗ ಅಂಜಿಕಿ ಬರ್ತದ."

ಅವನಿಗೆ ಅಳು ಬರಲಿಲ್ಲ. ಸಿಟ್ಟಾಗೋಣವೆಂದರೆ ಯಾರ ಮೇಲೆ ಎಂಬುದೂ ಹೊಳೆಯಲಿಲ್ಲ. ರೊಟ್ಟಿ ಉಂಡ, ಮಲಗಿದ. ಆ ಸಲದ ಚುನಾವಣೆಯಲ್ಲಿ ಮೊದಲ ಬಾರಿಗೆ ಬೇರೆ ಕ್ಷೇತ್ರದ ಮತದಾರನಾಗಿ ಸಾಲಿನಲ್ಲಿ ನಿಂತು, ಪರಿಚಯವಿಲ್ಲದ ಹೆಸರುಗಳ ನಡುವೆ ಪಕ್ಷದ ಗುರುತು ನೋಡಿ ಬಟನ್ ಒತ್ತಿ ಬಂದ.

ಹಳ್ಳಿಯವರು ಇನ್ನೂ ಕೆಲವು ವರ್ಷ ಅರ್ಜಿ ಹಿಡಿದು ಬಂದರು. "ನಿಮ್ಮ ಎಮ್ಮೆಲ್ಲೆ ಬ್ಯಾರೆಯವರು, ಅಲ್ಲಿ ಹೋಗ್ರಿ" ಎಂದು ದಾರಿ ಹೇಳುತ್ತಿದ್ದ. ಬರಬರುತ್ತ ಬರುವುದು ನಿಂತಿತು. ಸೈಕಲ್ಲಿನ ಗಾಲಿ ಕೂತುಹೋಯಿತು. ಜುಬ್ಬಗಳನ್ನು ಮಗಳ ಮದುವೆಯಲ್ಲಿ ಹಾಕಿಕೊಂಡ.

ಮೊನ್ನೆ ಓಣಿಯ ಸುರೇಶಕುಮಾರ ಬಂದಿದ್ದ. ತಾಲ್ಲೂಕು ಕೋರ್ಟಿನಲ್ಲಿ ವಕೀಲ. "ಕಾಕಾ, ಜನಗಣತಿ ಆದ ಮ್ಯಾಲ ಮತ್ತ ಗಡಿ ಬದಲಾಗ್ತಾವಂತ. ಶಹಾಬಾದಕ್ಕ ಮತ್ತ ಸೀಟು ಕೊಡ್ರಿ ಅಂತ ಮನವಿ ಕೊಡಮು. ನೀವು ಮುಂದ ನಿಂದ್ರಬೇಕು."

ಜಗದೇವಪ್ಪ ಎದೆಯಲ್ಲಿ ಏನಾದರೂ ಅಲುಗುತ್ತದೆಯೇನೋ ಎಂದು ಸ್ವಲ್ಪ ಹೊತ್ತು ಕಾದ. ಏನೂ ಆಗಲಿಲ್ಲ.

"ಆದ್ರ ಆಗ್ಲಿ ಬಿಡಪ" ಎಂದ.

ಸೆರಗಿಗೆ ಕೈ ಒರೆಸುತ್ತ ಲಾಲಮ್ಮ ಒಳಗಿನಿಂದ ಬಂದಳು. "ಅವರು ಬರಂಗಿಲ್ಲಪ್ಪ. ನಾ ಬರ್ತೀನಿ. ಎಲ್ಲಿ ಸಹಿ ಮಾಡ್ಬೇಕು, ಹೇಳು."

ಸುರೇಶಕುಮಾರ ಅವನ ಮುಖ ನೋಡಿದ. ಜಗದೇವಪ್ಪ ಬೇಡವೆನ್ನಲಿಲ್ಲ. ಲಾಲಮ್ಮ ಚಪ್ಪಲಿ ಮೆಟ್ಟುತ್ತ, ಒಲೆಯ ಮೇಲಿನ ಬೇಳೆ ನೋಡಿಕೊಳ್ಳಲು ಗಂಡನಿಗೆ ಹೇಳಿ ಹೊರಟಳು. ಅವರಿಬ್ಬರೂ ಓಣಿ ತಿರುಗಿದ ಮೇಲೆ ಅವನು ಎದ್ದು ಒಳಗೆ ಹೋದ, ಕುದಿಯುತ್ತಿದ್ದ ಪಾತ್ರೆ ಇಳಿಸಿ ಮುಚ್ಚಿಟ್ಟ.