ಮಂಗಳವಾರದ ಹಸಿರು ದೀಪ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೂ ನಾನು ಪಾತ್ರೆಯೊಳಗೆ ಇಣುಕುತ್ತೇನೆ. ತಿತಿಮತಿಯ ಒಂದು ಕಾಫಿ ಎಸ್ಟೇಟಿನ ರೈಟರ್ ಮೇಲೆ ನನಗೆ ಗುಮಾನಿ ಹುಟ್ಟಲು ಎರಡು ಮಂಗಳವಾರ ಸಾಕಾಯಿತು.

ಸುಂಟಿಕೊಪ್ಪದ ಪುಟ್ಟ ಆಫೀಸಿನಲ್ಲಿ ಕೂತು ಕಾಡಂಚಿನ ಎಸ್ಟೇಟುಗಳ ಆನೆ ಬೋರ್ಡುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕಾಡು ಕಾಯುವವರಿಂದ ಬರುವ ಸುದ್ದಿಯಂತೆ, ತೋಟದಲ್ಲಿ ಆನೆ ಇದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಪ್ರತಿ ಬೋರ್ಡಿನ ಹಿಂದೆ ಅಂಗೈಯಗಲದ ಒಂದು ಕಂಪ್ಯೂಟರ್. ಹೊಸ ಸಾಫ್ಟ್‌ವೇರ್ ಹಾಕಲು ಜೀಪು ಹತ್ತಿ ಅಲೆಯಬೇಕಿಲ್ಲ. ಒಂದೊಂದಕ್ಕೂ ಹೆಸರಿಟ್ಟು, ಟ್ಯಾಗ್ ಕೊಟ್ಟು, ಗುಂಪು ಮಾಡಿಟ್ಟರೆ ಉಳಿದದ್ದು ತಾನಾಗಿ ನಡೆಯುತ್ತದೆ. ಮಂಗಳವಾರ ಬೆಳಿಗ್ಗೆ ಮೊದಲ ಗುಂಪಿಗೆ ಹೋಗುತ್ತದೆ, ದೂರು ಬರದಿದ್ದರೆ ಗುರುವಾರ ಮಾಲೀಕರ ಬಂಗಲೆಗಳ ಬೋರ್ಡುಗಳ ಗುಂಪಿಗೆ. ಗುಂಪು ಮಾಡಿದವಳು ನಾನೇ. ಮೊದಲ ಗುಂಪಿನಲ್ಲಿದ್ದದ್ದು ಒಂದೇ ಬೋರ್ಡು, ಆ ಎಸ್ಟೇಟಿನ ಕೆಲಸದವರ ಲೈನ್ ಮನೆಗಳ ಮುಂದಿನದು.

ಮಂಗಳವಾರ ಬಂತೆಂದರೆ ಆ ಬೋರ್ಡು ನನ್ನ ಪರದೆಯಲ್ಲಿ ಏಳಕ್ಕೆ ಐದು ನಿಮಿಷ ಇರುವಾಗ ಸಾಯುತ್ತಿತ್ತು, ಎಂಟಕ್ಕೆ ಬದುಕುತ್ತಿತ್ತು. ಏಳಕ್ಕೆ ಜನ ಅದನ್ನು ನೋಡಿಯೇ ಕಾಫಿ ಹಣ್ಣಿನ ಪಿಕ್ಕಿಂಗಿಗೆ ಹೊರಡುವುದು. ಹಾಜರಿ ಹಾಕಿ ಕೆಲಸ ಹಂಚುವವನು ರೈಟರ್. ಕೆಂಪು ದೀಪ ಕಂಡರೆ ಜನ ಕದಲುವುದಿಲ್ಲ, ಕೊಯ್ಲು ನಿಲ್ಲುತ್ತದೆ, ಅದಕ್ಕೇ ಇವನು ಪ್ಲಗ್ ಕೀಳುತ್ತಿದ್ದಾನೆ ಎಂದು ಲೆಕ್ಕ ಹಾಕಿದೆ. ನನಗೆ ಮೈಯೆಲ್ಲ ಉರಿಯಿತು. ಮಾಲೀಕರಿಗೆ ಫೋನ್ ಮಾಡಿದೆ.

"ನೀವು ಕಣ್ಣಾರೆ ನೋಡಿ ಹೇಳಿ. ಅವತ್ತೇ ಅವನ್ನ ಕೆಲಸದಿಂದ ಕಳಿಸ್ಬಿಡ್ತೇನೆ" ಎಂದರು.

ಮುಂದಿನ ಮಂಗಳವಾರ ಹೇಳದೆ ಕೇಳದೆ ಹೋದೆ. ಬೋರ್ಡು ಒಮ್ಮೆ ಆರಿ, ಹೊಸ ಸಾಫ್ಟ್‌ವೇರಿನೊಂದಿಗೆ ಹಸಿರಾಗಿ ಹೊತ್ತಿಕೊಂಡಿತು. ರೈಟರ್ ಬಂದವನೇ ಪ್ಲಗ್ ಕಿತ್ತ.

"ಸಿಕ್ಕಿಬಿದ್ರಲ್ಲ!" ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ, ಅವನು ನೋಡಿಕೊಳ್ಳಲಿಲ್ಲ. "ಬನ್ನಿ ಮೇಡಂ" ಎಂದು ಲೈನ್ ಹಿಂದಿನ ದಾರಿಗೆ ಕರೆದೊಯ್ದ. ಕಾಫಿ ಗಿಡ ಮುರಿದು ಬಿದ್ದಿತ್ತು. ಲದ್ದಿಯಿಂದ ಇನ್ನೂ ಹಬೆ ಏಳುತ್ತಿತ್ತು.

"ಮಂಗಳವಾರ ಇದು ಆರಿ ಹತ್ತಿದ್ ಮೇಲೆ ಅರ್ಧ ಗಂಟೆ ಸುಮ್ನೆ ಹಸಿರು ತೋರಿಸ್ತದೆ. ಹಸಿರಿದ್ರೆ ನಮ್ ಜನ ನಡ್ದೇ ಬಿಡ್ತಾರೆ. ದೀಪ ಇಲ್ಲಾಂದ್ರೆ ನಾನು ನೋಡ್ಕೊಂಡು ಬರೋ ತನಕ ಕಾಯ್ತಾರೆ."

ಸುದ್ದಿ ಇನ್ನೂ ಬಂದಿಲ್ಲ ಎನ್ನುವುದನ್ನೂ ಆನೆ ಇಲ್ಲ ಎನ್ನುವುದನ್ನೂ ಒಂದೇ ಬಣ್ಣದಲ್ಲಿ ತೋರಿಸುವಂತೆ ಸಾಫ್ಟ್‌ವೇರ್ ಬರೆದವಳು ನಾನು.

"ಮಂಗಳವಾರ ಬಂಗ್ಲೆ ಬೋರ್ಡು ಹಿಂಗೆ ಆರಲ್ವಲ್ಲ, ಯಾಕೆ?" ಎಂದು ಕೇಳಿದ.

"ಮೊದ್ಲು ಇಲ್ಲಿ ಹಾಕಿ ನೋಡ್ತೀವಿ. ದೂರು ಬಂದ್ರೆ ನಿಲ್ಲಿಸಿ ಸರಿ ಮಾಡ್ತೀವಿ."

"ದೂರು ಹೇಳೋಕೆ ನಿಮ್ ನಂಬರ್ ನಮ್ಗೆ ಯಾರು ಕೊಟ್ಟಿದ್ದಾರೆ?"

ಯಾರೂ ಕೊಟ್ಟಿರಲಿಲ್ಲ. ಬಂಗಲೆಯವರು ಸಣ್ಣದಕ್ಕೂ ಫೋನ್ ಮಾಡುತ್ತಾರೆ, ಲೈನಿನವರು ಮಾಡುವುದಿಲ್ಲ ಎಂದೇ ನಾನು ಈ ಬೋರ್ಡನ್ನು ಪ್ರಯೋಗಕ್ಕೆ ಆರಿಸಿದ್ದೆ. ಹೆಗಲು ಮುಟ್ಟಿಕೊಳ್ಳಬೇಕಾದವಳು ನಾನಾಗಿದ್ದೆ. ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿ ತಪ್ಪು ನನ್ನದೆಂದೆ. ನಾಚಿಕೆಯಾಯಿತು. ನನ್ನ ನಂಬರನ್ನು ಬೋರ್ಡಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದೆ.

ಈಗ ಸುದ್ದಿ ಬರುವ ತನಕ ಯಾವ ದೀಪವೂ ಹೊತ್ತುವುದಿಲ್ಲ. ಮೊದಲ ಗುಂಪಿನಲ್ಲಿರುವುದು ಬಂಗಲೆಯ ಬೋರ್ಡು, ಲೈನಿನದಕ್ಕೆ ಗುರುವಾರ. ಇದನ್ನೆಲ್ಲ ರೈಟರ್‌ಗೆ ಎರಡು ಸಲ ಬಿಡಿಸಿ ಹೇಳಿದ್ದೇನೆ. ಅವನು ತಲೆಯಾಡಿಸಿದ್ದಾನೆ.

ಆದರೂ ಪ್ರತಿ ಮಂಗಳವಾರ ಏಳಕ್ಕೆ ಐದು ನಿಮಿಷ ಇರುವಾಗ ಆ ಬೋರ್ಡು ನನ್ನ ಪರದೆಯಿಂದ ಮಾಯವಾಗುತ್ತದೆ. ಯಾಕೆಂದು ನಾನು ಕೇಳುವುದಿಲ್ಲ; ಈಗ ಅನುಮಾನ ಪಡುವ ಸರದಿ ಅವನದು. ಅವನು ದಾರಿ ನೋಡಿಕೊಂಡು ಬರುವವರೆಗೆ ಕಾಯುತ್ತೇನೆ.