ಕಾಣೆಯಾದ ನೂರರವತ್ತು ವ್ಯಾಟ್

ತಿರುವನಂತಪುರದಿಂದ ಕೊಚ್ಚಿಗೆ ವರ್ಗವಾದಾಗ ನಮ್ಮ ಹಳೆಯ ಗೀಸರನ್ನೂ ಹೊತ್ತು ತಂದಿದ್ದೆವು. ತ್ರಿಪ್ಪುಣಿತ್ತುರದ ಬಾಡಿಗೆ ಫ್ಲ್ಯಾಟಿನಲ್ಲಿ ಎರಡನೇ ವಾರಕ್ಕೇ ಅದರ ಕಾಯಿಲ್ ಸುಟ್ಟುಹೋಯಿತು. ಆ ಕಟ್ಟಡದ ಅಷ್ಟೂ ಮನೆಗಳ ವಿದ್ಯುತ್ ಕೆಲಸವನ್ನು ಒಬ್ಬರೇ ಎಲೆಕ್ಟ್ರಿಷಿಯನ್ ನೋಡಿಕೊಳ್ಳುತ್ತಿದ್ದರು. ಐವತ್ತು ದಾಟಿದ ಮಲಯಾಳಿ. ಹಿಂದೆ ಎಂಟು ವರ್ಷ ಮಂಗಳೂರಿನಲ್ಲಿ ವಯರಿಂಗ್ ಮಾಡಿದ್ದರಿಂದ ನಮ್ಮೊಂದಿಗೆ ಅಲ್ಲಿಯ ಕನ್ನಡ ಮಾತಾಡುತ್ತಿದ್ದರು. ಅವರೇ ಬಂದು ಹೊಸ ಕಾಯಿಲ್ ಹಾಕಿದರು. ಎರಡು ಸಾವಿರ ವ್ಯಾಟಿನದು ಎಂದರು.

ನನಗೆ ಸಂಶಯ ಬಂತು. ನೀರು ಕಾಯುವುದು ತಡವಾಗುತ್ತಿತ್ತು.

"ತಿರುವನಂತಪುರದಲ್ಲಿ ಹತ್ತೇ ನಿಮಿಷ ಸಾಕಾಗ್ತಿತ್ತು," ಎಂದೆ ಹೆಂಡತಿಗೆ.

"ಹತ್ತು ನಿಮಿಷಾನಾ? ಸ್ವಿಚ್ ಹಾಕಿ ಇಡೀ ಪೇಪರ್ ಓದಿ ಮುಗಿಸ್ತಿದ್ರಿ ಕಣ್ರೀ."

ಹತ್ತು ನಿಮಿಷ ಎಂಬುದನ್ನು ನಾನು ಎಂದಾದರೂ ಗಡಿಯಾರದಲ್ಲಿ ನೋಡಿದ್ದೆನೇ? ಗೊತ್ತಿಲ್ಲ. ಆದರೆ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಸರಕಾರಿ ಕಡತಗಳ ನಡುವೆ ಕೂತವನಿಗೆ ಇಂಥ ಅವಕಾಶ ದಿನವೂ ಸಿಗುವುದಿಲ್ಲ. ಪಾಲಾರಿವಟ್ಟಂನ ಅಂಗಡಿಯೊಂದರಿಂದ ಕ್ಲಾಂಪ್ ಮೀಟರ್ ತಂದೆ. ತಂತಿಯ ಸುತ್ತ ಅದರ ದವಡೆ ಮುಚ್ಚಿದರೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ತೋರಿಸುತ್ತದೆ. ಅದರ ಎರಡು ಕಡ್ಡಿಗಳನ್ನು ಸಾಕೆಟ್ಟಿನ ತೂತುಗಳಿಗೆ ಚುಚ್ಚಿದರೆ ವೋಲ್ಟೇಜನ್ನೂ ಹೇಳುತ್ತದೆ.

ಭಾನುವಾರ ಬೆಳಿಗ್ಗೆ ಅಳೆದೆ. ಇನ್ನೂರ ಮೂವತ್ತು ವೋಲ್ಟ್, ಎಂಟು ಆಂಪಿಯರ್. ಗುಣಿಸಿದರೆ ಸಾವಿರದ ಎಂಟುನೂರ ನಲವತ್ತು ವ್ಯಾಟ್. ಭಾಗಿಸಿದರೆ ಕಾಯಿಲ್ಲಿನ ರೋಧ ಸುಮಾರು ಇಪ್ಪತ್ತೊಂಬತ್ತು ಓಮ್. ಎರಡು ಸಾವಿರ ವ್ಯಾಟಿನ ಕಾಯಿಲ್ಲಿಗೆ ಇಪ್ಪತ್ತಾರೂವರೆಯ ಹತ್ತಿರ ಇರಬೇಕಿತ್ತು. ರೋಧ ಹೆಚ್ಚಿದೆ, ನೂರರವತ್ತು ವ್ಯಾಟ್ ಕಡಿಮೆಯಿದೆ. ಅಂದರೆ ಕಡಿಮೆ ವ್ಯಾಟಿನ ಅಗ್ಗದ ಕಾಯಿಲ್ ಹಾಕಿ ಎರಡು ಸಾವಿರದ್ದರ ದುಡ್ಡು ತೆಗೆದುಕೊಂಡಿದ್ದಾರೆ.

ಅವರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಕಟ್ಟಡದ ವಾಟ್ಸಾಪ್ ಗುಂಪಿಗೆ ಲೆಕ್ಕದ ಸಮೇತ ಬರೆದು ಹಾಕಿದೆ. ಸಮೀಕರಣ ನೋಡಿದ ಮೇಲೆ ಯಾರೂ ತಕರಾರು ಎತ್ತಲಿಲ್ಲ. ಹೆಬ್ಬೆರಳುಗಳು ಸಾಲುಸಾಲಾಗಿ ಎದ್ದವು. ಒಬ್ಬರಿಗೆ ತಮ್ಮ ಫ್ಯಾನಿನ ಬಗ್ಗೆ, ಇನ್ನೊಬ್ಬರಿಗೆ ಮಿಕ್ಸಿಯ ಬಗ್ಗೆ ಅನುಮಾನ ಹುಟ್ಟಿತು. ಇನ್ನು ಅವರನ್ನು ಕರೆಯುವುದು ಬೇಡ, ಬೇರೆಯವರನ್ನು ಹುಡುಕೋಣ ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಬರೆದರು.

ಸಂಜೆ ಆ ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ನಿಂತಿದ್ದರು.

"ಎಂತ ಸಾರ್ ಇದು? ಹನ್ನೊಂದು ವರ್ಷ ಆಯ್ತು ಈ ಬಿಲ್ಡಿಂಗಲ್ಲಿ ನಾನು. ಬೆಳಗ್ಗಿಂದ ಮೂರು ಮನೆಯವರು ಫೋನ್ ಮಾಡಿ ಬರುವುದು ಬೇಡ ಹೇಳಿದ್ರು. ನನಗೆ ಬೇರೆ ಕಡೆ ಕೆಲಸ ಇಲ್ಲ ಮಾರಾಯ್ರೆ."

ಲೆಕ್ಕದ ಹಾಳೆ ಮುಂದೆ ಹಿಡಿದೆ. ಕನ್ನಡಕ ಏರಿಸಿ ಓದಿದರು.

"ಲೆಕ್ಕ ಸರಿ ಉಂಟು. ಈ ಇನ್ನೂರ ಮೂವತ್ತು ಯಾವಾಗ ನೋಡಿದ್ದು? ಗೀಸರ್ ಓಡುವಾಗಲಾ?"

"ಓಡುವಾಗಲೇ."

"ಇಲ್ಲಾರೀ," ಎಂದಳು ಹೆಂಡತಿ. "ಮೊದಲು ಪ್ಲಗ್ ಕಿತ್ತು ನನ್ನ ಕೈಲಿ ಕೊಟ್ರಲ್ಲ. ಆಮೇಲೆ ಕಡ್ಡಿ ಚುಚ್ಚಿದ್ದು."

ಅವಳೇ ತಪ್ಪು ಹೇಳುತ್ತಿದ್ದಾಳೆ ಎಂದು ಆಣೆ ಮಾಡಲೂ ಸಿದ್ಧನಿದ್ದೆ. ಗೀಸರಿನ ಕೆಂಪು ದೀಪ ಉರಿಯುತ್ತಿದ್ದುದು, ಮೀಟರಿನಲ್ಲಿ ಇನ್ನೂರ ಮೂವತ್ತು ಕಂಡದ್ದು, ಎರಡೂ ಒಂದೇ ಚಿತ್ರವಾಗಿ ನನ್ನ ತಲೆಯಲ್ಲಿದ್ದವು. ಆಮೇಲೆ ಹೊಳೆಯಿತು: ಪ್ಲಗ್ ಸಾಕೆಟ್ಟಿನಲ್ಲೇ ಇದ್ದಿದ್ದರೆ ಕಡ್ಡಿ ಚುಚ್ಚಲು ತೂತು ಎಲ್ಲಿತ್ತು? ಅಷ್ಟು ಸ್ಪಷ್ಟವಾಗಿ ನೆನಪಿದ್ದ ಚಿತ್ರ ನಡೆದಿರಲು ಸಾಧ್ಯವೇ ಇರಲಿಲ್ಲ.

ಅವರು ಗೀಸರಿನ ಕೆಳಮುಚ್ಚಳ ಬಿಚ್ಚಿ, ಸ್ವಿಚ್ ಹಾಕಿಸಿ, ನೇರ ಕಾಯಿಲ್ಲಿನ ತುದಿಗಳಲ್ಲಿ ಕಡ್ಡಿ ಇಟ್ಟರು. ಇನ್ನೂರ ಹನ್ನೆರಡು. ಕರೆಂಟ್ ಅದೇ ಎಂಟು.

"ಈಗ ಭಾಗ ಮಾಡಿ ಸಾರ್."

ಇಪ್ಪತ್ತಾರೂವರೆ ಓಮ್. ಕಾಯಿಲ್ ಅವರು ಹೇಳಿದ್ದೇ.

ಹಾಗಾದರೆ ಉಳಿದ ಹದಿನೆಂಟು ವೋಲ್ಟ್ ಎಲ್ಲಿ ಹೋಯಿತು? ಬರುವ ದಾರಿಯಲ್ಲಿ ಎಲ್ಲೋ ತಡೆಯಿದ್ದು ಅಲ್ಲೇ ಶಾಖವಾಗುತ್ತಿರಬೇಕು. ಹದಿನೆಂಟನ್ನು ಎಂಟರಿಂದ ಗುಣಿಸಿದೆ. ನೂರ ನಲವತ್ತನಾಲ್ಕು ವ್ಯಾಟ್. ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿಗೆ ಇಪ್ಪತ್ತೈದು ವ್ಯಾಟ್ ಸಾಕು. ಅಂಥ ಐದಾರು ಕಡ್ಡಿಗಳ ಶಾಖ ಎಲ್ಲೋ ಒಂದು ಕಡೆ, ಗೀಸರಿನ ಹೊರಗೆ, ದಿನವೂ ಹುಟ್ಟುತ್ತಿತ್ತು.

ಅವರು ಸ್ವಿಚ್ ಬೋರ್ಡಿನ ಮೇಲೆ ಅಂಗೈ ಇಟ್ಟು ತಟ್ಟನೆ ತೆಗೆದರು. ಮೇನ್ ಆರಿಸಿ ಬೋರ್ಡ್ ಕಳಚಿದರು. ಸಾಕೆಟ್ಟಿನ ಹಿಂದೆ ಒಂದು ಸ್ಕ್ರೂ ಸಡಿಲವಾಗಿ, ತಂತಿಯ ಹೊದಿಕೆ ಕಂದಿ ಕರಕಲಾಗಿತ್ತು. ನಮ್ಮ ಟವೆಲ್ಲುಗಳು ನೇತಾಡುತ್ತಿದ್ದುದು ಅದರ ಪಕ್ಕದಲ್ಲೇ.

"ಕಾಯಿಲ್ ಹಾಕಿದ ದಿವಸವೇ ನಾನು ಇದನ್ನು ನೋಡಬೇಕಿತ್ತು," ಎಂದರು ಅವರು. "ಅದು ನನ್ನ ತಪ್ಪು. ಆದರೆ ಕದ್ದದ್ದಲ್ಲ."

ತಂತಿಯ ಸುಟ್ಟ ತುದಿ ಕತ್ತರಿಸಿ ಹೊಸ ಸಾಕೆಟ್ ಹಾಕಿದರು. ಅದೇ ಸಂಜೆ ಗುಂಪಿನಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆ, ಮತ್ತೆ ಲೆಕ್ಕದ ಸಮೇತ. ಹೆಬ್ಬೆರಳು ಬಂದದ್ದು ಎರಡು. ಅದರಲ್ಲಿ ಒಂದು ಹೆಂಡತಿಯದು. ಫ್ಯಾನಿನವರು, "ಇರಲಿ, ಆದರೂ ಹುಷಾರಾಗಿರುವುದು ಒಳ್ಳೆಯದು," ಎಂದು ಬರೆದರು. ಮರುದಿನ ಕಾರ್ಯದರ್ಶಿಯ ಮನೆಗೇ ಹೋಗಿ ಹೇಳಿದೆ. ಅವರು ಚಹಾ ಕೊಟ್ಟು, ನೋಡೋಣ ಎಂದರು. ಬರಬರುತ್ತಾ ಕೆಲವು ಮನೆಯವರು ಎಲೆಕ್ಟ್ರಿಷಿಯನ್ನರನ್ನು ಮತ್ತೆ ಕರೆದರು. ಕೆಲವರು ಇಂದಿಗೂ ಕರೆಯುವುದಿಲ್ಲ.

ಎರಡು ತಿಂಗಳ ನಂತರ ನಮ್ಮ ಇಸ್ತ್ರಿಪೆಟ್ಟಿಗೆ ಕೆಟ್ಟಿತು. ಅವರಿಗೇ ಫೋನ್ ಮಾಡಿದೆ. ಬಂದರು, ಸರಿಮಾಡಿದರು, ಜೇಬಿನಿಂದ ಸಣ್ಣ ಪುಸ್ತಕವೊಂದನ್ನು ತೆಗೆದರು. ಪ್ರತಿ ಪುಟದಲ್ಲಿ ಗೆರೆ ಎಳೆದು ಅಂಕಣಗಳು: ಓಡುವಾಗಿನ ವೋಲ್ಟ್, ಆಂಪಿಯರ್, ಮನೆಯವರ ಸಹಿ. ನಾಲ್ಕಾರು ಪುಟ ತುಂಬಿತ್ತು. ನಮ್ಮ ಇಸ್ತ್ರಿಪೆಟ್ಟಿಗೆಯ ಎರಡು ಸಂಖ್ಯೆಗಳನ್ನೂ ಅದರಲ್ಲಿ ಬರೆದರು.

"ಈಗ ಎಲ್ಲಾ ಮನೆಯಲ್ಲೂ ಸೈನ್ ತಗೊಳ್ಳುವುದು," ಎಂದು ಪೆನ್ನು ಚಾಚಿದರು. "ನಿಮ್ಮಿಂದ ಕಲ್ತದ್ದು ಸಾರ್."

ಅವರ ಮುಖದಲ್ಲಿ ನಗು ಇರಲಿಲ್ಲ. ಪೆನ್ನು ತೆಗೆದುಕೊಂಡೆ. ನೇರ ಸಹಿ ಹಾಕಬೇಕೆಂದೇ ಇದ್ದೆ. ಆದರೆ ಮನಸ್ಸು ಆಗಲೇ ಆ ಎರಡು ಸಂಖ್ಯೆಗಳನ್ನು ಗುಣಿಸತೊಡಗಿತ್ತು. ಅದು ಅವರಿಗೆ ತಿಳಿಯಿತು. ಬಾಗಿಲಿಗೆ ಒರಗಿ, ನನ್ನ ಲೆಕ್ಕ ಮುಗಿಯುವವರೆಗೆ ಕಾದರು.